ಓಲಗ, ಓಲೈಕೆ, ಒಲವು

ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನಲ್ಲಿ, ಲಕ್ಷ್ಮಣತೀರ್ಥದ ನೀರನ್ನು ತಡೆದು ನಿಲ್ಲಿಸುವ ಕಟ್ಟೆಯೊಂದರ ಬಳಿ ಕಟ್ಟೆಮಳಲವಾಡಿ ಎಂಬ ಊರಿದೆ. ಮಳಲು ಎಂದರೆ ಮರಳು. ಹೊಳೆಯ ದಂಡೆಯ ಊರಿಗೆ ಒಪ್ಪುವ ಹೆಸರೇ. ಪೇಟೆಯ ಬಾಯಿಂದ ಮರೆಯಾದ ಹಳಗನ್ನಡದ ಮಾತು ಹಳ್ಳಿಯ ಹೆಸರಿನೊಳಗೆ ಹೀಗೆ ನಿಶ್ಚಿಂತೆಯಿಂದ ಕುಳಿತಿರುವುದುಂಟು. ಇಂಥ ಊರಿನಲ್ಲಿ ಯಾರಾದರೂ 'ಕೋರ್ಟು' ಎಂದರೆ ಕೇಳಿದವರಿಗೆ ನೆನಪಾಗುವುದು ಹುಣಸೂರಿನ ನ್ಯಾಯಾಲಯ, ವಕೀಲರ ಕರಿಯ ಕೋಟು, ಮುಂದೂಡಿದ ವಾಯಿದೆ, ಬದುವಿನ ತಗಾದೆ. ಅಲ್ಲಿಯ ವಿದ್ಯಾರ್ಥಿಯೊಬ್ಬನು ಇಂಗ್ಲಿಷ್ ಕಥೆಯನ್ನೋದುತ್ತ, ನಾಯಕನು ನಾಯಕಿಯನ್ನು ಎರಡು ವರ್ಷಗಳ ಕಾಲ 'ಕೋರ್ಟ್' ಮಾಡಿದನೆಂಬ ವಾಕ್ಯವನ್ನು ಕಂಡು, ಎರಡು ವರ್ಷ ಆಕೆಯ ಮೇಲೆ ವ್ಯಾಜ್ಯ ಹೂಡಿದನೆಂದು ತಿಳಿದುಕೊಂಡರೆ ಅವನನ್ನು ಹಳಿಯುವವರು ಯಾರು?

ನಿಘಂಟು ತೆರೆದರೆ ಈ ಕ್ರಿಯಾಪದಕ್ಕೆ ಪ್ರಣಯಯಾಚನೆ ಮಾಡು, ಅನುಗ್ರಹವನ್ನು ಬಯಸು, ಓಲೈಸು ಎಂಬ ಅರ್ಥಗಳು ಸಿಕ್ಕಾವು. ಪ್ರಣಯಯಾಚನೆ ಎಂಬುದು ನಾಟಕದ ಪೋಷಾಕು ತೊಟ್ಟು ಬಂದ ಮಾತು. ಮನೆಯಲ್ಲಿ ಅದನ್ನು ಆಡಿದವರಿಲ್ಲ. ಆದರೆ ಓಲೈಸು ಎಂಬುದರ ಕಥೆ ಬಲು ಸೊಗಸಾದದ್ದು.

ಇಂಗ್ಲಿಷಿನ ಕೋರ್ಟ್ ಮೊದಲು ನಾಮಪದ. ಲ್ಯಾಟಿನ್ನಿನಲ್ಲಿ ಆವರಣ ಹಾಕಿದ ಅಂಗಳಕ್ಕಿದ್ದ ಹೆಸರು ಫ್ರೆಂಚಿನ ಮೂಲಕ ಬಂದು ಅರಮನೆಯ ಅಂಗಳವಾಯಿತು. ಅಂಗಳದಿಂದ ಅರಸನ ಆಸ್ಥಾನವಾಯಿತು. ಆಸ್ಥಾನದಲ್ಲಿಯೇ ನ್ಯಾಯತೀರ್ಮಾನವಾಗುತ್ತಿದ್ದುದರಿಂದ ನ್ಯಾಯಾಲಯವೂ ಆಯಿತು. ಆಸ್ಥಾನದಲ್ಲಿ ಕಾದು ನಿಂತು, ದೊರೆಯ ಮುಖವನ್ನು ನೋಡಿ ನಕ್ಕು, ಬಾಗಿ, ಮೆಚ್ಚುಗೆ ಗಳಿಸುವವನ ನಡವಳಿಕೆಯೇ ಹದಿನಾರನೆಯ ಶತಮಾನದ ಹೊತ್ತಿಗೆ ಕ್ರಿಯಾಪದವಾಗಿ, ದೊರೆಯ ಮುಂದಿನಿಂದ ಹೆಣ್ಣಿನ ಮುಂದಕ್ಕೆ ಬಂತು.

ಕನ್ನಡದಲ್ಲಿಯೂ ನಡೆದುದು ಇದೇ. ಓಲಗವೆಂದರೆ ರಾಜಸಭೆ, ಅದು ತುಂಬಿ ನೆರೆದರೆ ಒಡ್ಡೋಲಗ. ಯಕ್ಷಗಾನದಲ್ಲಿ ವೇಷಗಳು ಮೊದಲು ರಂಗಕ್ಕೆ ಬರುವ ಕುಣಿತಕ್ಕೆ ಇಂದಿಗೂ ಅದೇ ಹೆಸರು. ಓಲಗದಲ್ಲಿ ನಿಂತು ಸೇವೆ ಮಾಡುವುದು ಓಲಗಿಸುವುದು, ಓಲೈಸುವುದು. ದೊರೆಗಳ ಸೇವೆಯಲ್ಲಿ ಬಾಳುವುದು ಎಷ್ಟು ಪ್ರಯಾಸದ್ದೆಂಬುದನ್ನು ಹತ್ತನೆಯ ಶತಮಾನದ ಪಂಪನೇ ಹೇಳಿದ್ದಾನೆ. ಅರಿಕೇಸರಿಯ ಆಸ್ಥಾನದಲ್ಲಿದ್ದ ಕವಿಗೆ ಅದರ ರುಚಿ ತಿಳಿಯದಿರಲು ಸಾಧ್ಯವೆ? ಎರಡು ಭಾಷೆಗಳು, ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದ ಕಾಲದಲ್ಲಿ, ಆಸ್ಥಾನದ ಹೆಸರಿನಿಂದಲೇ ಮೆಚ್ಚಿಸುವ ಕೆಲಸಕ್ಕೆ ಮಾತನ್ನು ಕಟ್ಟಿಕೊಂಡವು. ಅಧಿಕಾರವಿದ್ದವರ ಮುಂದೆ ನಿಲ್ಲುವ ಭಂಗಿ ಎಲ್ಲ ಕಡೆಯೂ ಒಂದೇ ಆಗಿದ್ದುದರ ಫಲವಿದು.

ಆದರೆ ಓಲಗವು ಮೈಸೂರು ಸೀಮೆಯಲ್ಲಿ ಇನ್ನೊಂದು ದಾರಿಯನ್ನು ಹಿಡಿಯಿತು. ದೇವರ ಮುಂದೆ, ದೊರೆಯ ಮುಂದೆ ಸೇವೆಯಾಗಿ ನುಡಿಸುವ ವಾದ್ಯಕ್ಕೂ ಓಲಗವೆಂದೇ ಹೆಸರಾಯಿತು. ಹುಣಸೂರಿನಲ್ಲಾಗಲಿ ಪಿರಿಯಾಪಟ್ಟಣದಲ್ಲಾಗಲಿ 'ಓಲಗದವರು ಬಂದರೆ?' ಎಂದು ಮದುವೆಯ ಮನೆಯವರು ಗಾಬರಿಯಿಂದ ಕೇಳುವಾಗ ಅವರ ಮನಸ್ಸಿನಲ್ಲಿರುವುದು ಯಾವ ಆಸ್ಥಾನವೂ ಅಲ್ಲ, ನಾಗಸ್ವರ ಮತ್ತು ಡೋಲು. ಗಡಿ ದಾಟಿ ಕೊಡಗಿಗೆ ಹೋದರೆ ಅದೇ ಮಾತು 'ವಾಲಗ'ವಾಗಿ, ಮದುವೆಯಲ್ಲಿ ನೆಂಟರನ್ನೆಲ್ಲ ಕುಣಿಸುತ್ತದೆ. ಇಂಗ್ಲಿಷಿನ ಕೋರ್ಟ್ ಮದುವೆಗೆ ಮುಂಚಿನ ಓಡಾಟದ ಹೆಸರಾಯಿತು. ನಮ್ಮ ಓಲಗ ಮದುವೆಯ ದಿನದ ಗದ್ದಲದ ಹೆಸರಾಯಿತು. ಹೆಣ್ಣನ್ನು ಒಲಿಸುವ ಓಡಾಟ ನಮ್ಮಲ್ಲಿ ಎಲ್ಲಿ ಹೋಯಿತು ಎಂಬುದೇ ಪ್ರಶ್ನೆ.

ಅದಕ್ಕೆ ಮುನ್ನ ಈ ಕ್ರಿಯಾಪದದ ಇತರ ಬಳಕೆಗಳನ್ನೂ ಒಮ್ಮೆ ನೋಡಿಬಿಡಬೇಕು. ಇಂಗ್ಲಿಷಿನವರು ಹೆಣ್ಣನ್ನು ಮಾತ್ರವಲ್ಲ, ಜನಪ್ರಿಯತೆಯನ್ನೂ 'ಕೋರ್ಟ್' ಮಾಡುತ್ತಾರೆ, ವಿಪತ್ತನ್ನೂ 'ಕೋರ್ಟ್' ಮಾಡುತ್ತಾರೆ. ವಿಪತ್ತನ್ನು ಓಲೈಸಿದನು ಎಂದು ಕನ್ನಡದಲ್ಲಿ ಬರೆದರೆ ನಗೆಗೇಡು. ನಮ್ಮಲ್ಲಿ ಅದಕ್ಕೆ ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂಬ ಗಾದೆ ಸಿದ್ಧವಾಗಿದೆ. ಸತ್ಯಾಗ್ರಹದ ಕಾಲದಲ್ಲಿ ಭಾರತದ ಇಂಗ್ಲಿಷ್ ಪತ್ರಿಕೆಗಳು ಈ ಮಾತಿಗೆ ಮತ್ತೊಂದು ಗೌರವವನ್ನು ತಂದುಕೊಟ್ಟವು: ಜನ ಬಂಧನವನ್ನೇ 'ಕೋರ್ಟ್' ಮಾಡತೊಡಗಿದರು. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿ ಶಿವಪುರದಲ್ಲಿ ನಿಷೇಧವನ್ನು ಮೀರಿ ಧ್ವಜವೇರಿಸಿದವರು, 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಎಂದು ಹೊರಟವರು ಹೀಗೆ ಸೆರೆಮನೆಯನ್ನು ತಾವಾಗಿ ವರಿಸಿದವರೇ. ಕನ್ನಡದಲ್ಲಿ ಅವರು 'ದಸ್ತಗಿರಿಯಾದರು', 'ಸೆರೆಮನೆ ಸೇರಿದರು' ಎಂದೇ ಹೇಳುತ್ತೇವೆ. ತಾವೇ ಮುಂದೆ ಬಂದು ಕೈ ನೀಡಿದರೆಂಬ ಅಂಶ ನಮ್ಮ ಮಾತಿನಲ್ಲಿ ಬಿಟ್ಟುಹೋಗುತ್ತದೆ. ಇಲ್ಲಿ ಮಾತ್ರ ಇಂಗ್ಲಿಷಿನ ಮೇಲೆ ಕೊಂಚ ಅಸೂಯೆಪಡಬಹುದು.

ಇನ್ನು ಹೆಣ್ಣಿನ ವಿಷಯ. ಹಳೆಯ ಮೈಸೂರಿನ ಸಮಾಜದಲ್ಲಿ ಹೆಣ್ಣನ್ನು 'ನೋಡುತ್ತಿದ್ದರು', 'ಕೇಳುತ್ತಿದ್ದರು', 'ತರುತ್ತಿದ್ದರು', 'ಕೊಡುತ್ತಿದ್ದರು'. ಕೇಳುವುದೂ ಹೆಣ್ಣನ್ನಲ್ಲ, ಹೆಣ್ಣಿನ ತಂದೆಯನ್ನು. ಹಲವು ಜಾತಿಗಳಲ್ಲಿ ತಂದೆಗೆ ತೆರವೆಂಬ ಹಣವನ್ನು ಕೊಟ್ಟು ಹೆಣ್ಣನ್ನು ತರುವ ರೂಢಿಯಿತ್ತು. ಇನ್ನು ಕೆಲವರಲ್ಲಿ ಹಣ ಎದುರು ದಿಕ್ಕಿನಲ್ಲಿ ಹರಿಯಿತು. ಎರಡರಲ್ಲಿಯೂ ಹುಡುಗ ಹುಡುಗಿಯ ಮನಸ್ಸನ್ನು ಗೆಲ್ಲಬೇಕಾದ ಪ್ರಮೇಯವೇ ಇರಲಿಲ್ಲ. ಕೆಲಸವಿಲ್ಲದ ಕಡೆ ಕ್ರಿಯಾಪದ ಏಕೆ ಹುಟ್ಟೀತು?

ಇಂಗ್ಲಿಷಿನಲ್ಲಿಯೇ ಬರೆದ ಮೈಸೂರಿನ ಕಾದಂಬರಿಕಾರ ಆರ್. ಕೆ. ನಾರಾಯಣರಿಗೆ (1906-2001) ಈ ಸಂಕಟ ಚೆನ್ನಾಗಿ ತಿಳಿದಿತ್ತು. ಕ್ರಿಯಾಪದವೇನೋ ಕೈಯಲ್ಲಿತ್ತು, ಅದನ್ನು ನಡೆಸಲು ಊರಿನಲ್ಲಿ ಜಾಗವಿರಲಿಲ್ಲ. 1937ರಲ್ಲಿ ಹೊರಬಂದ 'ದಿ ಬ್ಯಾಚಲರ್ ಆಫ್ ಆರ್ಟ್ಸ್' ಕಾದಂಬರಿಯ ನಾಯಕ ಚಂದ್ರನ್ ಬಿ.ಎ. ಮುಗಿಸಿ, ಸರಯೂ ತೀರದಲ್ಲಿ ಮಾಲತಿ ಎಂಬ ಹುಡುಗಿಯನ್ನು ಕಾಣುತ್ತಾನೆ. ಕಾಣುತ್ತಾನೆ, ಅಷ್ಟೆ. ಒಂದು ಮಾತನ್ನೂ ಆಡುವುದಿಲ್ಲ. ದಿನವೂ ಹೊಳೆಯ ದಂಡೆಗೆ ಹೋಗಿ ದೂರದಿಂದ ನೋಡುವುದೇ ಅವನ ಪ್ರಣಯ. ಬಳಿಕ ಜಾತಕಗಳು ಮಾತಾಡುತ್ತವೆ; ಕೂಡಿಬರುವುದಿಲ್ಲ. ಹುಡುಗಿಗೆ ಬೇರೆ ಕಡೆ ಮದುವೆಯಾಗುತ್ತದೆ. ಇಷ್ಟೆಲ್ಲ ಆದದ್ದು ಅವಳಿಗೆ ತಿಳಿದೇ ಇಲ್ಲ. ಚಂದ್ರನ್ ಕಾವಿ ಉಟ್ಟು ಊರೂರು ಅಲೆಯುತ್ತಾನೆ.

ಇದು ಬರೇ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. 1933ರಲ್ಲಿ ನಾರಾಯಣರು ಅಕ್ಕನೊಡನೆ ಕೊಯಮತ್ತೂರಿಗೆ ಹೋಗಿದ್ದಾಗ ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಹುಡುಗಿಯೊಬ್ಬಳನ್ನು ಕಂಡು ಮನಸೋತರು. ಆಕೆ ರಾಜಮ್. ಹುಡುಗಿಯೊಡನೆ ಮಾತಾಡುವಂತಿರಲಿಲ್ಲ. ನಾರಾಯಣರು ಕಂಡುಕೊಂಡ ಉಪಾಯವೆಂದರೆ ಹುಡುಗಿಯ ತಂದೆಯ ಸ್ನೇಹ ಸಂಪಾದಿಸುವುದು. ತಂದೆ ಮುಖ್ಯೋಪಾಧ್ಯಾಯರು. ಅವರೊಡನೆ ಕುಳಿತು ಹರಟುವಷ್ಟು ಸಲಿಗೆ ಬೆಳೆಸಿಕೊಂಡು, ಒಂದು ದಿನ ತಮ್ಮ ಇಂಗಿತವನ್ನು ನೇರವಾಗಿ ಅವರಿಗೇ ಹೇಳಿಬಿಟ್ಟರು. ಇಂಗ್ಲಿಷ್ ವ್ಯಾಕರಣದ ಪ್ರಕಾರ ಹೇಳುವುದಾದರೆ ಕ್ರಿಯೆ ಸರಿಯಾಗಿಯೇ ನಡೆಯಿತು, ಕರ್ಮ ಮಾತ್ರ ಬದಲಾಯಿತು! ಜ್ಯೋತಿಷಿಗಳು ಕುಜನನ್ನು ಮುಂದಿಟ್ಟುಕೊಂಡು ಬೇಡವೆಂದರು. ಆದರೂ 1934ರಲ್ಲಿ ಮದುವೆಯಾಯಿತು. 1939ರಲ್ಲಿ ವಿಷಮಜ್ವರದಿಂದ ರಾಜಮ್ ತೀರಿಕೊಂಡರು. ಮಗಳು ಹೇಮಾ ಇನ್ನೂ ಎಳೆಯ ಕೂಸು. ಆ ದುಃಖದಿಂದ ಹುಟ್ಟಿದ 'ದಿ ಇಂಗ್ಲಿಷ್ ಟೀಚರ್' 1945ರಲ್ಲಿ ಪ್ರಕಟವಾಯಿತು. ಅದರಲ್ಲಿ ಗಂಡ ಹೆಂಡತಿಯನ್ನು ಒಲಿಸಿಕೊಳ್ಳುವುದು ಮದುವೆಯಾದ ಮೇಲೆ, ಸಂಸಾರದ ಲೆಕ್ಕಪತ್ರ, ತರಕಾರಿ, ಮನೆ ಹುಡುಕುವ ತಿರುಗಾಟಗಳ ನಡುವೆ.

ಮದುವೆಯ ಮೇಲೆ ನಡೆಯುವ ಈ ಒಲಿಸಾಟವೇ ನಮ್ಮ ಉತ್ತರವೆಂದು ಕಾಣುತ್ತದೆ. 1942ರಲ್ಲಿ ಬಂದ ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಮನೆಮನೆಯನ್ನು ಸೇರಿದುದಕ್ಕೆ ಒಂದು ಕಾರಣ, ಅಲ್ಲಿಯ ಪ್ರೇಮಿಗಳು ಗಂಡಹೆಂಡಿರೆಂಬುದು. ಮಾವನ ಮನೆಗೆ ಬಂದ ಅಳಿಯನ ಸಂಕೋಚ, ತವರಿಗೆ ಹೋದ ಹೆಂಡತಿಯ ಹಂಬಲ ಇವನ್ನು ತಂದೆತಾಯಿಗಳ ಎದುರಿನಲ್ಲಿಯೇ ಹಾಡಬಹುದಾಗಿತ್ತು. ಮದುವೆಗೆ ಮೊದಲೇ ಅದು ನಡೆದರೆ ಹೆಣ್ಣು ತೆರಬೇಕಾದ ಬೆಲೆಯೇನೆಂಬುದನ್ನು ಮೈಸೂರಿನ ತ್ರಿವೇಣಿ (1928-1963) 'ಶರಪಂಜರ'ದಲ್ಲಿ ಬರೆದರು. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದರು. ಒಲಿಸಿದ ಗಂಡಸಿಗೆ ಆ ಸಂಗತಿ ಕಾಲೇಜಿನ ಒಂದು ನೆನಪು. ಒಲಿದ ಹೆಣ್ಣಿಗೆ ಅದು ಬುದ್ಧಿಯ ಸಮತೋಲನವನ್ನೇ ಕೆಡಿಸುವ ಮುಳ್ಳು. ಒಂದೇ ಕ್ರಿಯೆ, ಕರ್ತೃವಿಗೊಂದು ಲೆಕ್ಕ, ಕರ್ಮಕ್ಕೊಂದು ಲೆಕ್ಕ.

ಇದೇ ಮನೆತನದ ಇನ್ನೊಂದು ಇಂಗ್ಲಿಷ್ ಕ್ರಿಯಾಪದ 'ಎಂಡಿಯರ್'. ಅಕ್ಕರೆಗೆ ಪಾತ್ರನಾಗುವಂತೆ ಮಾಡು ಎಂದು ಅದರ ಅರ್ಥ. ಇದನ್ನು ಬಳಸುವುದರಲ್ಲಿ ನಮ್ಮ ಮಕ್ಕಳು ಎಡವುವುದು ಸಹಜ, ಏಕೆಂದರೆ ಇದರ ನಡಿಗೆಯೇ ಬೇರೆ. ಪ್ರೀತಿಸುವವರು ಇಲ್ಲಿ ವಾಕ್ಯದ ಕೊನೆಗೆ ಸರಿಯುತ್ತಾರೆ. ಪ್ರೀತಿ ಗಳಿಸಿದವರು ನಡುವಿನಲ್ಲಿ ನಿಲ್ಲುತ್ತಾರೆ. ಕೆಲಸ ಮಾಡುವುದು ಅವರ ಗುಣ. ಸೊಸೆಯ ತಾಳ್ಮೆಯು ಸೊಸೆಯನ್ನು ಅತ್ತೆಗೆ ಪ್ರಿಯಳನ್ನಾಗಿ ಮಾಡಿತು ಎಂದು ಇಂಗ್ಲಿಷಿನ ಅನ್ವಯ. ಇದನ್ನು ಹಾಗೆಯೇ ಕನ್ನಡಿಸಿದರೆ ಯಂತ್ರ ಮಾತಾಡಿದಂತಾಗುತ್ತದೆ. 'ತಾಳ್ಮೆಯಿಂದ ನಡೆದು ಸೊಸೆ ಅತ್ತೆಯ ಅಚ್ಚುಮೆಚ್ಚಿನವಳಾದಳು' ಎಂದರೆ ಸಾಕು. ತಮಾಷೆಯೆಂದರೆ ಹಿಂದೆ ಆ ಇಂಗ್ಲಿಷ್ ಮಾತಿಗೆ ಬೆಲೆಯೇರಿಸು ಎಂಬ ಅರ್ಥವೂ ಇತ್ತು. 'ಡಿಯರ್' ಎಂದರೆ ಪ್ರಿಯವೂ ಹೌದು, ತುಟ್ಟಿಯೂ ಹೌದು. ನೆರೆಯ ತೆಲುಗಿನಲ್ಲಿಯೂ 'ಪ್ರಿಯಂ' ಎಂದರೆ ದುಬಾರಿ. ಕನ್ನಡದ ತಾಯಂದಿರು ಮಕ್ಕಳನ್ನು ಚಿನ್ನ, ಬಂಗಾರ ಎಂದು ಕರೆಯುವಾಗ ಪೇಟೆಯ ಧಾರಣೆಯನ್ನು ನೆನೆಯುವುದಿಲ್ಲವೆಂದು ನಂಬೋಣ.

ಕನ್ನಡದ ನಿಜವಾದ ಸಂಪತ್ತಿರುವುದು 'ಒಲಿ' ಎಂಬ ಪುಟ್ಟ ಧಾತುವಿನಲ್ಲಿ. ಕಿವಿಗೆ ಓಲೈಸು ಇದರ ಅಣ್ಣನಂತೆ ಕೇಳಿಸಬಹುದು. ಬಳಕೆಯಲ್ಲಿ ಅದು ಓಲಗದ ಮನೆಯದು, ಇದು ಒಲವಿನ ಮನೆಯದು. ದೇವರು ಒಲಿಯುತ್ತಾನೆ, ವಿದ್ಯೆ ಒಲಿಯುತ್ತದೆ, ಲಕ್ಷ್ಮಿ ಒಲಿಯುತ್ತಾಳೆ. ಇಲ್ಲಿ ಕರ್ತೃಸ್ಥಾನದಲ್ಲಿರುವವರು ಕೊಡುವವರೇ ಹೊರತು ಕೇಳುವವರಲ್ಲ. ಭಕ್ತ ಎಷ್ಟೇ ಒದ್ದಾಡಲಿ, ಒಲಿಯುವುದು ಬಿಡುವುದು ದೇವರ ಚಿತ್ತ. ಒಲಿಸು ಎಂದು ಪ್ರೇರಣಾರ್ಥಕ ರೂಪವನ್ನು ಮಾಡಿಕೊಂಡರೂ ಈ ಸ್ವಾತಂತ್ರ್ಯ ಅಳಿಯುವುದಿಲ್ಲ. ಮಾಡಿಸಬಹುದು, ಬರೆಯಿಸಬಹುದು, ಕೂರಿಸಬಹುದು. ಒಲಿಸಿದೆನೆಂದು ಒಲಿಸಿದವನೊಬ್ಬನೇ ಹೇಳಿಕೊಂಡರೆ ಆಗಲಿಲ್ಲ, ಒಲಿದವರೂ ಹೌದೆನ್ನಬೇಕು.

ಅದೇ ಬೇರಿನಿಂದ ಬಂದದ್ದು 'ಒಲ್ಲೆ'. ಪ್ರೀತಿಯ ಧಾತುವಿನ ನಿಷೇಧರೂಪವೇ ಕನ್ನಡದ ಅಚ್ಚುಕಟ್ಟಾದ ನಿರಾಕರಣೆ. ಮೈಸೂರಿನ ಕಡೆ ದಿನಬಳಕೆಯಲ್ಲಿ 'ಬ್ಯಾಡ' ಎನ್ನುವುದೇ ಹೆಚ್ಚು. ಉತ್ತರದ ಜಿಲ್ಲೆಗಳಲ್ಲಿ 'ಒಲ್ಲೆ' ಇನ್ನೂ ಬೆಚ್ಚಗಿದೆ. ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು ಸಿಕ್ಕಿತೆಂಬ ಗಾದೆ ಎರಡು ಕಡೆಯೂ ಉಂಟು. ಗಮನಿಸಿ: ಆ ಗಾದೆಯಲ್ಲಿ ಒಲ್ಲೆನೆನ್ನುವ ಹಕ್ಕು ಗಂಡನದು. ಒಲ್ಲದ ಹೆಂಡತಿಗೆ ಏನು ಸಿಕ್ಕಿತೆಂದು ಗಾದೆ ಕಟ್ಟಿದವರು ಕೇಳಲಿಲ್ಲ. ಧಾರೆಯ ಹೊತ್ತಿಗೆ 'ಗಟ್ಟಿಮೇಳ' ಎಂದು ಕೂಗಿ ಓಲಗವನ್ನು ಜೋರಾಗಿ ಊದಿಸುವುದು ಅಶುಭದ ಮಾತು ಕಿವಿಗೆ ಬೀಳದಿರಲಿ ಎಂದು ಎನ್ನುತ್ತಾರೆ ಹಿರಿಯರು. ಎಷ್ಟು ಹೆಣ್ಣುಮಕ್ಕಳ 'ಒಲ್ಲೆ' ಆ ಡೋಲಿನ ಸದ್ದಿನಲ್ಲಿ ಮುಚ್ಚಿಹೋಗಿದೆಯೋ ಲೆಕ್ಕವಿಟ್ಟವರಾರು?

ಈಗಿನ ಹುಡುಗರ ನಾಲಗೆಗೆ ಒಲಿಸು ರುಚಿಸುವುದಿಲ್ಲ. 'ಪಟಾಯಿಸು', 'ಬೀಳಿಸು', 'ಲೈನ್ ಹೊಡೆ', 'ಕಾಳು ಹಾಕು' ಇವು ಬಸ್ಸುನಿಲ್ದಾಣದ ಕ್ರಿಯಾಪದಗಳು. ಕಾಳು ಹಾಕುವುದು ಹಕ್ಕಿಗೆ, ಬೀಳಿಸುವುದು ಬೇಟೆಯನ್ನು. ಪ್ರತಿಯೊಂದರಲ್ಲಿಯೂ ಎದುರಿಗಿರುವವಳು ಮನಸ್ಸಿಲ್ಲದ ಒಂದು ಪ್ರಾಣಿ. ಹುಡುಗಿಯರು ಓದಿ, ಉದ್ಯೋಗ ಹಿಡಿದು, ಒಪ್ಪುವ ಬಿಡುವ ಮಾತನ್ನು ತಾವೇ ಆಡತೊಡಗಿದ ಕಾಲದಲ್ಲಿ ನಾಲಗೆಗೆ ಬಂದ ಮಾತುಗಳು ಇವು; ಸೋಜಿಗವಲ್ಲವೆ? ಇವಕ್ಕೆ ಹೋಲಿಸಿದರೆ ಅಳುವ ಮಗುವನ್ನು ಸಮಾಧಾನಪಡಿಸಲು ಮೈಸೂರಿನ ಅಜ್ಜಿಯರು ಬಳಸುವ 'ರಮಿಸು' ಎಷ್ಟು ಸುಸಂಸ್ಕೃತ!

ಕಾಡಿನವರ ಹಾಡಿನಲ್ಲಿ ದೇವರು ಕೂಡ ಹೆಣ್ಣನ್ನು ಒಲಿಸಲು ಬೆವರು ಹರಿಸಬೇಕಾಗುತ್ತದೆ. ಬಿಳಿಗಿರಿಯ ರಂಗನಾಥನು ಸೋಲಿಗರ ಹುಡುಗಿ ಕುಸುಮಾಲೆಗೆ ಮರುಳಾಗಿ, ವೇಷ ಮರೆಸಿಕೊಂಡು ಅವಳ ಹಿಂದೆ ಅಲೆದ ಕಥೆಯನ್ನು ಮೈಸೂರು ಸೀಮೆಯ ಜನಪದರು ರಾತ್ರಿಯೆಲ್ಲ ಹಾಡಿದ್ದಾರೆ. ಮದುವೆಯ ಫಲವಾಗಿ ದೇವರು ನೆಂಟನಾದ. ಸೋಲಿಗರು ರಂಗನನ್ನು ಭಾವನೆಂದೇ ಭಾವಿಸುತ್ತಾರೆ. ದೊಡ್ಡವನೇ ಕೆಳಗಿಳಿದು ಬಂದು ಕೇಳಬೇಕೆಂಬುದನ್ನು ಆಸ್ಥಾನದ ಕಾವ್ಯಕ್ಕಿಂತ ಈ ಹಾಡು ಚೆನ್ನಾಗಿ ಬಲ್ಲದು.

ಪತ್ರಿಕೆಗಳಲ್ಲಿ ಓಲೈಸುವಿಕೆಯ ಗತಿ ಏನಾಗಿದೆಯೆಂಬುದು ವಾಚಕರಿಗೆ ತಿಳಿದದ್ದೇ. ಇಂಗ್ಲಿಷ್ ಪತ್ರಿಕೆಗಳಿಗೆ 'ವೂ' ಎಂಬ ಮೂರೇ ಅಕ್ಷರದ ಕ್ರಿಯಾಪದವುಂಟು. ಶಿರೋನಾಮೆಯ ಇಕ್ಕಟ್ಟಿನಲ್ಲಿ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಮತದಾರರನ್ನು, ಬಂಡವಾಳಗಾರರನ್ನು ಅದು ಪ್ರತಿದಿನ ಪ್ರೇಮಿಸುತ್ತಿರುತ್ತದೆ. ಕನ್ನಡದಲ್ಲಿ ಆ ಜಾಗಕ್ಕೆ 'ಓಲೈಕೆ' ಬಂದು, ಬರಬರುತ್ತ ಬೈಗುಳವಾಯಿತು. ಎದುರು ಪಕ್ಷದವರು ಜನರಿಗೆ ಮಾಡಿದ್ದೆಲ್ಲ ಓಲೈಕೆ. ತಮ್ಮ ಪಕ್ಷ ಮಾಡಿದ್ದು ಸೇವೆ. ಓಲಗವೆಂದರೆ ಸೇವೆಯೇ ಆಗಿತ್ತೆಂಬುದನ್ನು ಇಬ್ಬರೂ ಮರೆತಿದ್ದಾರೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು 1952ರಿಂದ ಮೊದಲ್ಗೊಂಡು ಹಲವು ಸಲ ಹುಣಸೂರಿನಿಂದ ವಿಧಾನಸಭೆಗೆ ಆರಿಸಿಬಂದರು. ಅವರ ಕಾಲದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರನಿಗೆ ಭೂಮಿ ದೊರೆತದ್ದನ್ನು ಯಾವ ಕ್ರಿಯಾಪದದಿಂದ ಹೇಳಬೇಕೆಂಬುದಕ್ಕೆ ಭೂಮಿ ಪಡೆದವನದೂ ಕಳೆದುಕೊಂಡವನದೂ ಉತ್ತರ ಒಂದೇ ಆಗಿರಲಾರದು.

ಒಲಿಸುವ ಕೆಲಸವನ್ನು ನೋಡಬೇಕೆನ್ನುವವರು ಹುಣಸೂರಿನಿಂದ ನಾಗರಹೊಳೆಯ ಕಾಡಂಚಿಗೆ ಹೋಗಬೇಕು. ದಸರೆಯ ಆನೆಗಳ ಗಜಪಯಣ ಹೊರಡುವುದು ಈ ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಮಾವುತರೂ ಕಾವಾಡಿಗಳೂ ಬಹುಪಾಲು ಕಾಡಿನಲ್ಲಿಯೇ ಹುಟ್ಟಿ ಬೆಳೆದವರು. ಜೇನುಕುರುಬರು ಅವರಲ್ಲಿ ಅನೇಕರು. ಹಿಡಿದ ಆನೆಯನ್ನು ದಿಮ್ಮಿಗಳ ಕ್ರಾಲಿನಲ್ಲಿ ಕೂಡಿಹಾಕಿ ದಾರಿಗೆ ತರುವುದಕ್ಕೆ ಅವರು 'ಪಳಗಿಸು' ಎನ್ನುತ್ತಾರೆ. ಅದರಲ್ಲಿ ಹಗ್ಗವಿದೆ, ಹಸಿವಿದೆ, ಅಂಕುಶವಿದೆ. ಆದರೆ ಹಗ್ಗ ಬಿಚ್ಚಿದ ಮೇಲೆ ಏಳುನೂರೈವತ್ತು ಕಿಲೋ ತೂಕದ ಅಂಬಾರಿಯನ್ನು ಹೊತ್ತು, ಲಕ್ಷಾಂತರ ಜನರ ನಡುವೆ, ವಾದ್ಯ ತೋಪುಗಳ ಸದ್ದಿನಲ್ಲಿ ಬೆದರದೆ ನಡೆಯುವಂತೆ ಮಾಡುವುದು ಪಳಗಿಸುವುದೊಂದರಿಂದಲೇ ಆಗುವ ಮಾತಲ್ಲ.

ಅರ್ಜುನನ ಕಥೆ ಅದಕ್ಕೆ ಸಾಕ್ಷಿ. ಎಚ್.ಡಿ. ಕೋಟೆಯ ಕಾಕನಕೋಟೆಯಲ್ಲಿ 1968ರ ಖೆಡ್ಡಾದಲ್ಲಿ ಸಿಕ್ಕ ಆನೆ ಅದು. ಖೆಡ್ಡಾ ಪದ್ಧತಿಯೇ 1971ಕ್ಕೆ ಕೊನೆಗೊಂಡಿತು. 1990ರ ದಶಕದಲ್ಲಿ ಮಾವುತನೊಬ್ಬನ ಸಾವಿನ ಅಪವಾದ ಹೊತ್ತು ಅರ್ಜುನ ಬಹುಕಾಲ ಅಂಬಾರಿಯಿಂದ ದೂರವುಳಿದ. ಬಲರಾಮನ ಸರದಿ ಮುಗಿದ ಮೇಲೆ 2012ರಿಂದ 2019ರವರೆಗೆ ಎಂಟು ಸಲ ಅದೇ ಅರ್ಜುನ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು, ಹಾಸನ ಜಿಲ್ಲೆಯ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಹೋಗಿ, ಒಂಟಿಸಲಗದೊಡನೆ ಕಾದಾಡಿ ಸತ್ತ. ದೇಹದ ಮೇಲೆ ಬಿದ್ದು ಗೋಳಿಟ್ಟ ಮಾವುತನನ್ನು ನಾಡೆಲ್ಲ ನೋಡಿತು. ಎದ್ದೇಳು, ಮನೆಗೆ ಹೋಗೋಣ ಎಂದು ಮಕ್ಕಳನ್ನು ಕರೆಯುವ ಹಾಗೆಯೇ ಅವನು ಆನೆಯನ್ನು ಕರೆಯುತ್ತಿದ್ದ. ಅರ್ಜುನನನ್ನು ಅಲ್ಲಿಯೇ ಕಾಡಿನಲ್ಲಿ ಮಣ್ಣು ಮಾಡಿದರು. ಮಾವುತ ಬರಿಗೈಯಲ್ಲಿ ಬಳ್ಳೆಯ ಶಿಬಿರಕ್ಕೆ ಹಿಂದಿರುಗಿದ.